ಬೆಚ್ಚುವ ಇಲಿ

ಗಣಪತಿ ಕೂತ ಮರುದಿನ ಸುರಪುರದ ರಂಗಂಪೇಟೆಯ ನೇಕಾರರ ಓಣಿಯಲ್ಲಿ ಕತ್ತರಿ ಆಡುವುದಿಲ್ಲ. ಮಗ್ಗ ನಿಲ್ಲುತ್ತದೆ, ಹೊಲಿಗೆ ಮಿಷನ್ನಿಗೆ ಹೊದಿಸಿದ ಬಟ್ಟೆ ಹೊದಿಸಿದಂತೆಯೇ ಇರುತ್ತದೆ, ಯಾರೂ ಸೂಜಿಗೆ ದಾರ ಏರಿಸುವುದಿಲ್ಲ. ಅಂದು ಇಲಿವಾರ. ಗಣಪನಿಗೆ ಒಂದು ದಿನವಾದರೆ ಅವನನ್ನು ಹೊತ್ತು ತಂದವನಿಗೂ ಒಂದು ದಿನ ಬೇಕಲ್ಲ. ಮನೆಯ ಮೂಲೆಯಲ್ಲಿ ಎಲೆ ಹಾಸಿ, ಕಡಬು ಇಟ್ಟು, ನಮ್ಮ ಬಟ್ಟಿ-ಅರಿವಿಗೆ ಬಾಯಿ ಹಾಕಬ್ಯಾಡಪಾ ಎಂದು ಕೈಮುಗಿದರೆ ವರ್ಷವಿಡೀ ಇಲಿ ಬಟ್ಟೆಯ ಗಂಟಿನ ತಂಟೆಗೆ ಬರುವುದಿಲ್ಲ ಎಂಬುದು ಹಿಂದಿನಿಂದ ಬಂದ ಮಾತು.

ಸೌಭಾಗ್ಯ ಆ ಓಣಿಯಲ್ಲಿ ಹೆಂಗಸರ ಜಂಪರು ಹೊಲಿಯುವವಳು. ಇಲಿವಾರಕ್ಕೆ ಕೆಲಸ ಹೇಗೂ ಇರುವುದಿಲ್ಲ ಎಂದೇ ಅವಳು ಸಂಶೋಧನೆಗೆ ಇಲಿ ಸಾಕಿದ ಯಾದಗಿರಿಯ ಡಾಕ್ಟರಿಗೆ ಆ ದಿನ ಬರುತ್ತೇನೆಂದು ಹೇಳಿದ್ದಳು. ಹೊಟ್ಟೆಯಲ್ಲಿ ಏಳು ತಿಂಗಳ ಕೂಸು. ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು ಶಾಂಭವಿ, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಹಬ್ಬದ ಲಂಗ ತೊಟ್ಟು ತಯಾರಾಗಿದ್ದಳು. ಆ ಹುಡುಗಿಗೆ ಸಪ್ಪಳ ಆಗಿಬರುವುದಿಲ್ಲ. ಬಾಗಿಲು ದಪ್ಪೆಂದರೆ, ತಾಟು ಬಿದ್ದರೆ, ಹಿಂದಿನಿಂದ ಯಾರಾದರೂ ಭುಜ ಮುಟ್ಟಿದರೆ ಅವಳ ಮೈ ಕಟ್ಟಿಗೆಯಾಗುತ್ತದೆ. ಕೈಚಾಚಿ ತಡೆದುಕೊಳ್ಳಲೂ ಆಗದೆ ನೆಟ್ಟ ಕಂಬ ಉರುಳಿದ ಹಾಗೆ ಉರುಳುತ್ತಾಳೆ. ಎಚ್ಚರ ಮಾತ್ರ ತಪ್ಪುವುದಿಲ್ಲ. ಬಿದ್ದಲ್ಲಿಂದಲೇ ಕಣ್ಣು ಬಿಟ್ಟು ಎಲ್ಲರನ್ನೂ ನೋಡುತ್ತಿರುತ್ತಾಳೆ.

ಹೊರಡುವ ಹೊತ್ತಿಗೆ ಅತ್ತೆ ಶಂಕ್ರಮ್ಮ ಕಡಬು ತುಂಬಿದ ಡಬ್ಬಿ ತಂದು ಸೌಭಾಗ್ಯಳ ಚೀಲದಲ್ಲಿಟ್ಟಳು.

"ಇಲಿ ಸಾಕಿದ ಮನಿಗಿ ಹೊಂಟೀದಿ, ಬರಿಗೈಲೆ ಹೋಗ್ತಿ ಏನು? ಇದನ್ನ ಅವುಗಳ ಮುಂದಿಟ್ಟು, ನನ್ನಿಂದ ತಪ್ಪಾಗ್ಯದ ಅಂತ ಒಂದ ಮಾತು ಹೇಳಿ ಬಾ."

"ಅಲ್ಲಿ ದವಾಖಾನಿ ಇದ್ದಂಗ ಇರ್ತದಂತ ಆಯಿ. ಇದೆಲ್ಲ ಒಳಗ ಬಿಡ್ತಾರೋ ಇಲ್ಲೋ."

"ಬಿಡದಿದ್ರ ಬಾಗಿಲ ಮುಂದ ಇಡು. ಇಲಿಗಿ ಮೂಗಿಲ್ಲೇನು?"

ಶಂಕ್ರಮ್ಮ ಸೌಭಾಗ್ಯಳಿಗೆ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು. ಸೌಭಾಗ್ಯಳನ್ನು ಕೆಂಭಾವಿಯಿಂದ ತಂದು ತನ್ನ ಕಿರಿಯ ಮಗ ಬಸುವಿಗೆ ಕಟ್ಟಿಕೊಂಡವಳು ಅವಳೇ. ಮನೆಯ ಹುಡುಗಿ ಮನೆಯಲ್ಲೇ ಉಳಿದಳು ಎಂದು ಅಂದು ಎಲ್ಲರಿಗೂ ಸಂತೋಷವಾಗಿತ್ತು. ಸೌಭಾಗ್ಯ ಈಗಲೂ ಗಂಡನನ್ನು ಮಾವ ಎಂದೇ ಕರೆಯುತ್ತಾಳೆ, ಅತ್ತೆಯನ್ನು ಆಯಿ ಎಂದು.

ಆಯಿ ಹೇಳುವ ತಪ್ಪು ಯಾವುದೆಂದು ಅವಳಿಗೆ ಗೊತ್ತಿತ್ತು. ಮೊದಲ ಬಸುರಿಯಾಗಿದ್ದಾಗ, ಮದುವೆ ಮನೆಯವರು ಬೆನ್ನು ಹತ್ತಿದರೆಂದು, ಇಲಿವಾರದ ದಿನವೇ ಒಂದು ಜಂಪರಿನ ಅರಿವೆ ಕತ್ತರಿಸಿದ್ದಳು. ಆ ಸಲ ಗಂಡು ಕೂಸು ಹುಟ್ಟಿತು. ಹೆಸರಿಡುವ ಮೊದಲೇ, ಎರೆಯುತ್ತಿರುವಾಗ, ಆಯಿಯ ಕಾಲ ಮೇಲೆಯೇ ಸೆಟೆದು, ನೀಲಿಯಾಗಿ, ಹೋಗಿಬಿಟ್ಟಿತು. ಆಮೇಲೆ ಶಾಂಭವಿ. ಅವಳೂ ಸೆಟೆಯುವವಳೇ ಆದಾಗ ಆಯಿ ತನ್ನೊಳಗೇ ಲೆಕ್ಕ ಹೊಂದಿಸಿಕೊಂಡಳು: ಇಲಿಗೆ ಕೊಟ್ಟ ಮಾತು ಮುರಿದದ್ದಕ್ಕೆ ಇಲಿ ಹೊಟ್ಟೆಯೊಳಗಿನ ನೂಲು ಕಡಿದಿದೆ. ಬೈಯಲಿಲ್ಲ, ಆ ಕತ್ತರಿಯ ಮಾತು ಆಗೊಮ್ಮೆ ಎತ್ತುತ್ತಿದ್ದಳು, ವರ್ಷಕ್ಕೊಮ್ಮೆ ಕಡಬು ಇಡುವಾಗ ಸೌಭಾಗ್ಯಳ ಕಡೆ ಒಂದು ಸಲ ನೋಡುತ್ತಿದ್ದಳು, ಅಷ್ಟೇ. ಮೂರನೆಯದು ಹೊಟ್ಟೆಯಲ್ಲಿ ಒದೆಯತೊಡಗಿದಾಗಿನಿಂದ ಒಂದೇ ಪ್ರಶ್ನೆ ಅವಳನ್ನು ತಿನ್ನುತ್ತಿತ್ತು. ಇದೂ ಹಾಗೆಯೇ ಆದರೆ? ಇದು ಉಳಿಯುತ್ತದೆಯೇ?

ಬಸ್ಸಿನಲ್ಲಿ ಅವಳು ಮಗಳ ಕುತ್ತಿಗೆಯ ಹಿಂದೆ ಅಂಗೈ ಇಟ್ಟುಕೊಂಡೇ ಕೂತಳು. ಹಾರ್ನು ಬಾರಿಸಿದಾಗಲೆಲ್ಲ ಆ ಪುಟ್ಟ ಬೆನ್ನು ಅಂಗೈಯ ಕೆಳಗೆ ಬಿಗಿಯುತ್ತಿತ್ತು, ಸಡಿಲವಾಗುತ್ತಿತ್ತು. ಶಹಾಪುರ ಬಂದಾಗ ಶಾಂಭವಿ ಕಿಟಕಿಯಿಂದ ಗುಡ್ಡದ ಸಾಲು ನೋಡಿದಳು. ಅಂಗಾತ ಮಲಗಿದ ಮನುಷ್ಯನ ಹಣೆ, ಮೂಗು, ಎದೆ ಎಲ್ಲ ಆಕಾಶಕ್ಕೆ ಕೊರೆದಿಟ್ಟ ಹಾಗೆ ಕಾಣುತ್ತಿದ್ದವು.

"ಅವ್ವಾ, ಇವನೂ ನನ್ನಂಗ ಬೆಚ್ಚಿ ಬಿದ್ದಾನೇನು?"

"ಇಲ್ಲವ್ವ. ಅಂವ ಮಲಗ್ಯಾನ."

"ಏಳಂಗೇ ಇಲ್ಲ ಮತ್ತ."

ಮುಂದಿನ ಸೀಟಿನ ಮುದುಕ ಹಿಂದೆ ತಿರುಗಿ ನಕ್ಕ. ಸೌಭಾಗ್ಯಳಿಗೂ ನಗು ಬಂತು. ಭೀಮೆಯ ಸೇತುವೆ ದಾಟುವವರೆಗೂ ಶಾಂಭವಿ ಕುತ್ತಿಗೆ ಹೊರಳಿಸಿ ಆ ಮಲಗಿದವನನ್ನೇ ಹುಡುಕುತ್ತಿದ್ದಳು.

ಡಾಕ್ಟರ್ ಪಂಚಶೀಲಾ ಶಹಾಪುರದವರೇ, ಶಾಲಾ ಮಾಸ್ತರರೊಬ್ಬರ ಮಗಳು. ಸುರಪುರದಲ್ಲಿ ಮಕ್ಕಳ ತಪಾಸಣೆ ನಡೆದಾಗ ಶಾಂಭವಿಯನ್ನು ಮೊದಲು ನೋಡಿದ್ದರು. ಅಲ್ಲಿಯವರೆಗೆ ಎಲ್ಲರೂ ಮೂರ್ಛೆರೋಗವೆಂದೇ ಗುಳಿಗೆ ಕೊಟ್ಟಿದ್ದರು. ಇವರು ಬೆರಳ ತುದಿಯಿಂದ ಹುಡುಗಿಯ ಮೂಗಿನ ತುದಿಯನ್ನು ಒಂದು ಸಲ ತಟ್ಟಿದರು. ತಲೆ ಫಕ್ಕನೆ ಹಿಂದಕ್ಕೆ ಎಗರಿತು. ಮತ್ತೆ ತಟ್ಟಿದರು, ಮತ್ತೆ ಎಗರಿತು. ಆಮೇಲೆ ಮನೆಯವರೆಲ್ಲರ ರಕ್ತ ಹೈದರಾಬಾದಿಗೆ ಹೋಗಿ ವರದಿ ಬಂತು. ರೋಗಕ್ಕೆ ಒಂದು ಹೆಸರು ಬಂತು, ಬೇರೆ ಗುಳಿಗೆ ಬಂತು. ಬೀಳುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಆದರೂ ಸೌಭಾಗ್ಯ ಹೋದಾಗಲೆಲ್ಲ ಒಂದೇ ಕೇಳುತ್ತಿದ್ದಳು: ಇದು ಯಾಕ ಬಂತು? ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಕಡೆಗೊಮ್ಮೆ ಡಾಕ್ಟರು, "ಒಮ್ಮೆ ಯಾದಗಿರಿಗಿ ಬರ್ರಿ ಸೌಭಾಗ್ಯಕ್ಕ, ತೋರಸ್ತೀನಿ" ಎಂದಿದ್ದರು.

ಊರ ಹೊರಗಿನ ಆ ಕಟ್ಟಡದಲ್ಲಿ ನರಗಳ ಸಂಶೋಧನೆ ನಡೆಯುತ್ತಿತ್ತು. ಹಿಂಬದಿಯ ಒಂದು ಭಾಗಕ್ಕೆ ಎಲ್ಲರೂ ಇಲಿಮನಿ ಎನ್ನುತ್ತಿದ್ದರು. ಅಲ್ಲಿ ಇಲಿಗಳನ್ನು ನೋಡಿಕೊಳ್ಳುವವರು ಯಾಕೂಬಸಾಬ, ಬಿಳಿ ಗಡ್ಡದವರು. ಅವರು ತಾಯಿ ಮಗಳಿಗೆ ಬಟ್ಟೆಯ ಮೇಲೊಂದು ನಿಲುವಂಗಿ, ತಲೆಗೆ ಟೊಪ್ಪಿಗೆ, ಪಾದಕ್ಕೆ ಚೀಲ ಕೊಟ್ಟು, ಡಬ್ಬಿ ನೋಡಿ ತಲೆಯಾಡಿಸಿದರು.

"ಇದು ಒಳಗ ಬರಂಗಿಲ್ಲ ಬೇಟಾ."

"ಇಲಿಗೇ ಅಂತ ತಂದೀನ್ರಿ. ಇವತ್ತ ಇಲಿವಾರ."

"ಅವಕ್ಕ ತೂಕ ಮಾಡಿದ ಊಟ. ಹೂರಣ ತಿಂದು ಹೊಟ್ಟಿ ಕೆಟ್ರ ಮೇಡಂ ನನ್ನ ಬಿಡ್ತಾರೇನು?" ಯಾಕೂಬಸಾಬ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದರು. "ಏಲಕ್ಕಿ ಹಾಕ್ಯಾರ. ಇಲಿಗಳ ಪರವಾಗಿ ನಾನ ತಗೊಂಡ್ರ ನಡೀತದ?"

"ನಡೀತದ್ರಿ," ಎಂದಳು ಸೌಭಾಗ್ಯ. ಆಯಿಗೆ ಏನು ಹೇಳುವುದೆಂದು ಆಮೇಲೆ ಯೋಚಿಸಿದರಾಯಿತು.

ಒಳಗೆ ಕಾಲಿಟ್ಟಾಗ ಸೌಭಾಗ್ಯಳ ಗಮನಕ್ಕೆ ಮೊದಲು ಬಂದದ್ದು ಇಲಿಗಳಲ್ಲ, ಅಲ್ಲಿಯ ಸದ್ದಿಲ್ಲದ ರೀತಿ. ಬಾಗಿಲ ಚೌಕಟ್ಟಿಗೆ ರಬ್ಬರು ಬಡಿದಿತ್ತು. ಪೆಟ್ಟಿಗೆಗಳ ಮುಚ್ಚಳವನ್ನು ಯಾಕೂಬಸಾಬ ಮಲಗಿದ ಕೂಸಿನ ಹೊದಿಕೆ ಸರಿಸಿದಂತೆ ಎತ್ತುತ್ತಿದ್ದರು. ಮಾತೆಲ್ಲ ಪಿಸುಮಾತು. ಇಂಥದೊಂದು ಜಾಗ ಭೂಮಿಯ ಮೇಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದಿಂದ ತನ್ನ ಮನೆಯನ್ನು ಹೀಗೆ ಮಾಡಬೇಕೆಂದು ಅವಳು ಒದ್ದಾಡಿದ್ದಳು. ಶಾಂಭವಿ ಮೆಲ್ಲಗೆ ಕಿವಿಯ ಹತ್ತಿ ತೆಗೆದು ತಾಯಿಯ ಕೈಗಿತ್ತಳು.

ಡಾಕ್ಟರು ಒಂದು ಪಾರದರ್ಶಕ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಬಿಳಿ ಇಲಿ ಇರಬಹುದೆಂದು ಸೌಭಾಗ್ಯ ಅಂದುಕೊಂಡಿದ್ದಳು. ಇದು ಕಪ್ಪು, ಎಳ್ಳಿನಂತೆ ಹೊಳೆಯುವ ಕಪ್ಪು. ಹೆಬ್ಬೆರಳಿನಷ್ಟು ಮೈ. ಅದು ಹಾಸಿದ ಭತ್ತದ ಹೊಟ್ಟಿನ ಮೇಲೆ ನಡೆಯುವ ರೀತಿ ನೋಡಿ ಸೌಭಾಗ್ಯ ಬಾಯಿಗೆ ನಿಲುವಂಗಿಯ ತೋಳು ಒತ್ತಿಕೊಂಡಳು. ಕಾಲುಗಳನ್ನು ಬಿಗಿಹಿಡಿದು, ತುದಿಬೆರಳ ಮೇಲೆ, ಬಾಲವನ್ನು ಕಡ್ಡಿಯಂತೆ ನೆಟ್ಟಗೆ ಮಾಡಿಕೊಂಡು ಅದು ಹೆಜ್ಜೆ ಇಡುತ್ತಿತ್ತು. ಮೈಯಲ್ಲಿ ಸಣ್ಣ ನಡುಕ. ಅಂಗಳದಲ್ಲಿ ಮಕ್ಕಳು ಆಡುವಾಗ ಶಾಂಭವಿ ಗೋಡೆ ಹಿಡಿದು ಬರುವ ನಡಿಗೆ ಅದು.

"ನೋಡ್ರಿ," ಎಂದು ಡಾಕ್ಟರು ಪೆಟ್ಟಿಗೆಯ ಮೇಲೆ ಉಗುರಿನಿಂದ ಒಂದೇ ಸಲ ಟಕ್ಕೆನ್ನಿಸಿದರು.

ಇಲಿ ನಿಂತಲ್ಲೇ ಕಲ್ಲಾಯಿತು. ನಾಲ್ಕೂ ಕಾಲು ಚಾಚಿಕೊಂಡವು, ಬೆನ್ನು ಬಿಲ್ಲಾಯಿತು, ಅದು ಮಗ್ಗುಲಿಗೆ ಉರುಳಿತು. ಹೊರಳಿ ಏಳಲಾಗದೆ ಹಾಗೆಯೇ ನಡುಗುತ್ತ ಬಿದ್ದಿತ್ತು. ಕರಿಮಣಿಯಂಥ ಕಣ್ಣು ಮಾತ್ರ ತೆರೆದೇ ಇತ್ತು. ಎಲ್ಲರೂ ನೋಡುತ್ತಿದ್ದಂತೆ ಬಿಗಿತ ಮೊದಲು ಬಾಲದಲ್ಲಿ ಸಡಿಲವಾಯಿತು, ಆಮೇಲೆ ಹಿಂಗಾಲಿನಲ್ಲಿ. ಅದು ಎದ್ದು ಕೂತು, ಏನೂ ಆಗಿಲ್ಲವೆಂಬಂತೆ ಮುಂಗಾಲಿನಿಂದ ಮುಖ ತೊಳೆದುಕೊಂಡಿತು.

ಶಾಂಭವಿ ಗಾಜಿಗೆ ಹಣೆ ಹಚ್ಚಿದ್ದಳು. "ಅವ್ವಾ," ಎಂದಳು ಮೆಲ್ಲಗೆ, "ಅದು ನಾನು."

ಸೌಭಾಗ್ಯ ಮೇಜಿನ ಅಂಚು ಹಿಡಿದಳು. ಯಾಕೂಬಸಾಬ ಒಂದು ಸ್ಟೂಲು ಸರಿಸಿಕೊಟ್ಟರು, ಸಪ್ಪಳವಾಗದ ಹಾಗೆ.

"ಮೇಡಂ, ಒಂದ ಮಾತು ಕೇಳ್ತೀನಿ, ನಗಬ್ಯಾಡ್ರಿ. ಇದರ ಅವ್ವ ಏನು ತಪ್ಪು ಮಾಡಿತ್ತು?"

ಡಾಕ್ಟರು ನಗಲಿಲ್ಲ. ಅವಳೆದುರು ಕೂತರು.

"ಏನೂ ಮಾಡಿಲ್ಲ. ಹಿಂಗ ಬೆಚ್ಚೋ ಇಲಿ ಎಲ್ಲೋ ತಾವಾಗೇ ಹುಟ್ಟಿದ್ವು. ಅವನ್ನ ನೋಡಿ ನೋಡಿ, ಮನುಷ್ಯರ ಮಕ್ಕಳಾಗೂ ಕೆಟ್ಟಿದ್ದು ಅದ ಜೀನು ಅಂತ ಕಂಡುಕೊಂಡ್ರು. ನೀವು ಮಿಷನ್ ನಿಲ್ಲಸೋವಾಗ ಏನ ಮಾಡ್ತೀರಿ?"

"ಕಾಲು ಬಿಡ್ತೀನಿ. ಮ್ಯಾಲಿನ ಗಾಲಿಗಿ ಅಂಗೈ ಹಚ್ತೀನಿ. ಇಲ್ಲಂದ್ರ ತಾನ ತಿರಗತದ, ಹೊಲಿಗಿ ದಾಟಿ ಹೋಗ್ತದ."

"ಅಷ್ಟ. ಎಲ್ಲಾರೂ ಬೆಚ್ಚತಾರ. ಬೆಚ್ಚಿದ ಕೂಡಲೆ ನಮ್ಮ ಬೆನ್ನಹುರಿಯಾಗ ಒಂದು ಅಂಗೈ ಆ ಗಾಲಿ ಹಿಡೀತದ. ಇವಳೊಳಗ, ಈ ಇಲಿಯೊಳಗ, ಹಿಡಿಯೋ ಅಂಗೈ ಸೋತದ. ಗಾಲಿ ತಾನ ನಿಲ್ಲೋ ತನಕ ಮೈಯಾಗಿನ ನರ ಎಲ್ಲಾ ಒಮ್ಮೆಗೇ ಜಗ್ತಾವ. ನೀವು ಕೊಡೋ ಗುಳಿಗಿ ಆ ಅಂಗೈಗೆ ಜರಾ ಬಲ ಕೊಡ್ತದ. ಇಲಿಗೂ ಅಂಥಾದ್ದ ಒಂದು ಹನಿ ಹಾಕಿದ್ರ ನಡಿಗಿ ಸುಧಾರಸ್ತದ."

"ಮತ್ತ ನನಗಿಲ್ಲ, ಮಾವಗಿಲ್ಲ. ಇವಳಿಗೆಲ್ಲಿಂದ ಬಂತು?"

ಇಲಿ ಮತ್ತೆ ನಡೆಯತೊಡಗಿತು. ಡಾಕ್ಟರು ಎರಡು ಬೆರಳು ಎತ್ತಿ ಹಿಡಿದು ಹೇಳಿದರು: "ಪ್ರತಿಯೊಬ್ಬರ ಹತ್ರ ಆ ಜೀನು ಜೋಡಿ ಇರ್ತದ. ಒಂದು ಅವ್ವಂದು, ಒಂದು ಅಪ್ಪಂದು. ನಿಮ್ಮಿಬ್ಬರಾಗೂ ಒಂದೊಂದು ಕೆಟ್ಟಾವ, ಒಂದೊಂದು ಛಲೋ ಅವ."

ಸೌಭಾಗ್ಯ ತನ್ನ ಬೆರಳುಗಳಲ್ಲಿ ಇಲ್ಲದ ಬಟ್ಟೆಯನ್ನು ಹೊಸೆದಳು. "ಅಸ್ತರ ಹಚ್ಚಿದ ಜಂಪರಿದ್ದಂಗ," ಎಂದಳು ತಡೆದು ತಡೆದು. "ಮ್ಯಾಲಿನ ಅರಿವಿ ತೂತು ಬಿದ್ರೂ ಒಳಗ ಅಸ್ತರ ಇರ್ತದ, ಕಾಣಂಗಿಲ್ಲ. ಎರಡಕ್ಕೂ ಒಂದ ಕಡೆ ತೂತು ಬಿದ್ರ ಮೈ ಕಾಣ್ತದ."

"ಬರೋಬರ್. ನೀವು ಮತ್ತ ನಿಮ್ಮ ಮಾವ ಒಂದ ಥಾನಿನಾಗ ಕತ್ತರಿಸಿದ ಅರಿವಿ. ಅದಕ್ಕ ತೂತೂ ಒಂದ ಕಡೆ. ಹುಟ್ಟೋ ಪ್ರತಿ ಕೂಸಿಗೂ ನಾಲ್ಕರಾಗ ಒಂದು ಪಾಲು ಭಯ ಅದ. ಕತ್ರಿಗೂ ಇದಕ್ಕೂ ಸಂಬಂಧ ಇಲ್ಲ ಸೌಭಾಗ್ಯಕ್ಕ."

ಕತ್ತರಿಯ ಮಾತನ್ನು ಶಾಂಭವಿ ಎಂದೋ ಡಾಕ್ಟರ ಕಿವಿಗೆ ಹಾಕಿರಬೇಕು. ಸೌಭಾಗ್ಯ ತಲೆ ತಗ್ಗಿಸಿದಳು. ಎದೆಯ ಮೇಲಿಂದ ಯಾರೋ ಕಲ್ಲು ಇಳಿಸಿದಂತಾಯಿತು. ಆ ಹಗುರ ಬಹಳ ಹೊತ್ತು ಉಳಿಯಲಿಲ್ಲ.

"ಈ ಇಲಿ ಮರಿಗಳಿಗೆ ಹುಟ್ಟಿ ಎರಡು ವಾರದ ಮ್ಯಾಲ ಶುರುವಾಗ್ತದ," ಡಾಕ್ಟರು ಮುಂದುವರಿಸಿದರು. "ಮನುಷ್ಯರ ಕೂಸಿಗೆ ಹಂಗಲ್ಲ, ಹುಟ್ಟಿದ ದಿನದಿಂದನ. ಅದಕ್ಕ ನಿಮಗ ಈಗ ಹೇಳಬೇಕು. ಕೂಸಿಗಿ ಅದು ಇದ್ದದ್ದಾದ್ರ, ಮೂಗಿನ ತುದಿ ಮುಟ್ಟಬಾರದು. ಎಲ್ಲಾಕಿಂತ ಜಲ್ದಿ ಬೆಚ್ಚೋದು ಅಲ್ಲಿ ಮುಟ್ಟಿದ್ರ. ಸೆಟೆದು ಉಸಿರು ನಿಂತ್ರ ಕೈಕಾಲು ಜಗ್ಗಿ ನೆಟ್ಟಗ ಮಾಡಬಾರದು. ಮಡಚಬೇಕು."

ಮುಂದಿನ ಮಾತು ಸೌಭಾಗ್ಯಳಿಗೆ ಸ್ವಲ್ಪ ಹೊತ್ತು ಕೇಳಿಸಲೇ ಇಲ್ಲ. ಅವಳ ಕಣ್ಣಿಗೆ ಬಚ್ಚಲು ಕಂಡಿತು, ಹಬೆ ಕಂಡಿತು, ಕಾಲು ಚಾಚಿ ಕೂತ ಆಯಿ ಕಂಡಳು. ಓಣಿಯ ಅರ್ಧ ಮಂದಿ ಆ ಕಾಲುಗಳ ಮೇಲೆ ಮಲಗಿ ನೀರು ಹೊಯ್ಯಿಸಿಕೊಂಡವರು. ಆಯಿ ಎರೆದರೆ ಕೂಸಿನ ಎಲುಬು ಗಟ್ಟಿ, ಮೈ ನೇರ. ಕೈಕಾಲು ಜಗ್ಗಿ, ಬೆನ್ನು ತೀಡಿ, ಕಡೆಗೆ ಹೆಬ್ಬೆರಳು ತೋರುಬೆರಳಿನ ನಡುವೆ ಮೂಗು ಹಿಡಿದು ಮೇಲಕ್ಕೆ ಎಳೆಯುತ್ತಿದ್ದಳು. ಗಿಳಿಮೂಗು ಬರಲಿ ನನ್ನ ರಾಜಗ, ಎನ್ನುತ್ತಿದ್ದಳು. ಸೌಭಾಗ್ಯಳ ಚೊಚ್ಚಲ ಮಗನಿಗೂ ಅದನ್ನೇ ಅಂದಿದ್ದಳು. ಶಾಂಭವಿ ತೂಕವಿಲ್ಲದ ಕೂಸಾಗಿ ಹುಟ್ಟಿದ್ದರಿಂದ ದವಾಖಾನೆಯವರು ಬಹಳ ದಿನ ನೀರು ಹಾಕಬೇಡಿ ಅಂದಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಬೆಳೆಸಿದ್ದರು. ಅವಳು ಉಳಿದದ್ದು ಹಾಗೆ.

"ಸೌಭಾಗ್ಯಕ್ಕ?"

"ಹೂಂ ರೀ. ಹ್ಯಾಂಗ ಮಡಚೋದು?"

ಡಾಕ್ಟರು ಒಂದು ಟವೆಲ್ಲನ್ನು ಸುತ್ತಿ ಕೂಸಿನ ಹಾಗೆ ಮಾಡಿ ತೋರಿಸಿದರು: ಒಂದು ಕೈ ತಲೆಯ ಹಿಂದೆ, ಒಂದು ಕೈ ಕಾಲುಗಳ ಕೆಳಗೆ, ತಲೆಯನ್ನೂ ಮೊಣಕಾಲುಗಳನ್ನೂ ಹೊಟ್ಟೆಯ ಕಡೆಗೆ ತಂದು, ಬಿಗಿತ ಬಿಡುವ ತನಕ ಹಿಡಿದಿರುವುದು. ಸೌಭಾಗ್ಯ ಮಾಡಿದಳು. ಮತ್ತೆ ಮಾಡಿದಳು.

ಆಗ ಯಾಕೂಬಸಾಬ ಪಕ್ಕದ ಪೆಟ್ಟಿಗೆಯ ಕಡೆ ಸನ್ನೆ ಮಾಡಿದರು. ಅಲ್ಲೊಂದು ತಾಯಿ ಇಲಿ ಗೂಡು ಬದಲಿಸುತ್ತಿತ್ತು. ಕೂದಲು ಮೂಡಿರದ ಮರಿಗಳು ಹೊಟ್ಟಿನಲ್ಲಿ ಚೆಲ್ಲಾಪಿಲ್ಲಿಯಾಗಿ ಕೈಕಾಲು ಬಡಿಯುತ್ತಿದ್ದವು. ತಾಯಿ ಒಂದೊಂದರ ಕುತ್ತಿಗೆಯ ಚರ್ಮವನ್ನು ಹಲ್ಲಿನಲ್ಲಿ ಮೆಲ್ಲಗೆ ಹಿಡಿದೆತ್ತಿದೊಡನೆ ಮರಿ ಒದ್ದಾಟ ನಿಲ್ಲಿಸಿ, ಕಾಲು ಮೇಲೆತ್ತಿ, ಮೈ ಮಡಚಿ, ಗೋಲಿಯಂತಾಗುತ್ತಿತ್ತು.

"ಇದನ್ನೂ ಯಾರರೆ ಕಲಿಸ್ಯಾರೇನ್ರಿ?" ಸೌಭಾಗ್ಯ ಪಿಸುಗುಟ್ಟಿದಳು.

"ಎಲ್ಲಾ ಮರಿನೂ ಎತ್ತಿದ್ರ ಹಂಗ ಮಡಚಿಕೊಳ್ತಾವ," ಎಂದರು ಡಾಕ್ಟರು. "ಅದು ಬೇರೆ, ಇದು ಬೇರೆ. ಇಲಿಗೆ ನಮ್ಮ ಔಷಧ ಗೊತ್ತದ ಅಂತ ಮನ್ಯಾಗ ಹೇಳಬ್ಯಾಡ್ರಿ ಮತ್ತ." ಆದರೆ ಅವರೂ ಪೆಟ್ಟಿಗೆಯಿಂದ ಕಣ್ಣು ತೆಗೆಯಲಿಲ್ಲ.

ಹೊರಡುವಾಗ ಸೌಭಾಗ್ಯ ಕೇಳಿದಳು: ಕಡೆಗೆ ಇವಕ್ಕೆ ಏನಾಗುತ್ತದೆ? ಡಾಕ್ಟರು ಸುಳ್ಳು ಹೇಳಲಿಲ್ಲ. ನೋವಾಗದಂತೆ ಮಲಗಿಸಿ, ಬೆನ್ನುಹುರಿ, ಮಿದುಳು ನೋಡುತ್ತೇವೆ ಎಂದರು. ಯಾಕೂಬಸಾಬ ಆಚೆ ತಿರುಗಿ ನೀರಿನ ಬಾಟಲಿ ಸರಿಮಾಡತೊಡಗಿದರು. ಸೌಭಾಗ್ಯ ಆ ಕಪ್ಪು ಇಲಿಯ ಮುಂದೆ ನಿಂತು ಕೈಮುಗಿದಳು. ತಪ್ಪಾಯಿತೆನ್ನಲು ಬಂದಿದ್ದಳು, ಆ ಮಾತು ಬಾಯಿಗೆ ಬರಲಿಲ್ಲ. ಇಲಿ ಬಾಲ ನೆಟ್ಟಗೆ ಮಾಡಿಕೊಂಡು ಹೊಟ್ಟಿನಲ್ಲಿ ಕಾಳು ಹುಡುಕುತ್ತಿತ್ತು.

ಮನೆಗೆ ಬಂದಾಗ ಆಯಿ ಹೊಸಿಲಲ್ಲೇ ಕೂತಿದ್ದಳು.

"ಏನಂದ್ಳು ನಿನ್ನ ಡಾಕ್ಟರು? ಕತ್ರಿನ ಹೌದಂದ್ಳಿಲ್ಲ?"

ಒಂದೇ ಮಾತು ಸಾಕಾಗಿತ್ತು. ಕತ್ತರಿಯಲ್ಲ ಆಯಿ, ನಿನ್ನ ಕೈ. ಇಷ್ಟು ವರ್ಷದ ಆ ನೋಟ ಆ ಕ್ಷಣಕ್ಕೇ ನಿಂತುಹೋಗುತ್ತಿತ್ತು. ಸೌಭಾಗ್ಯ ಚಪ್ಪಲಿ ಬಿಟ್ಟು, ಕಾಲಿಗೆ ನೀರು ಹಾಕಿಕೊಂಡಳು.

"ಕಡಬು ಮುಟ್ಟಿತು ಆಯಿ. ಒಂದೂ ಉಳೀಲಿಲ್ಲ."

"ನೋಡು," ಎಂದಳು ಆಯಿ, ತೃಪ್ತಿಯಿಂದ. "ನಾ ಹೇಳಿದ್ನಿಲ್ಲ?"

ಮರುದಿನ ಸೌಭಾಗ್ಯ ಜಂಪರುಗಳ ತುಂಡು ತುಂಬಿ ಒಂದು ಬಟ್ಟೆಯ ಗೊಂಬೆ ಹೊಲಿದಳು. ಕೂಸಿನಷ್ಟೇ ಉದ್ದ, ತಲೆ ಜೋಲಾಡದಿರಲೆಂದು ಕುತ್ತಿಗೆಗೆ ಅಸ್ತರದ ಬಟ್ಟೆ ಒತ್ತಾಗಿ ತುಂಬಿದಳು. ಮೊದಲು ಬಸುವಿಗೆ ಕಲಿಸಿದಳು. ಬಸು ಸುರಪುರ, ಕೆಂಭಾವಿ ಸಂತೆಗಳಿಗೆ ಸಾಮಾನು ಸಾಗಿಸುವ ಆಟೋದವನು. ಮಗಳಿಗಾಗಿ ಗಾಡಿಯ ಹಾರ್ನನ್ನೇ ಕಿತ್ತುಹಾಕಿ ದಾರಿಯುದ್ದಕ್ಕೂ ಬಾಯಲ್ಲೇ ಒದರುತ್ತ ಹೋಗುವವನು. ಅವನು ಒಂದೇ ಸಲಕ್ಕೆ ಕಲಿತ. ಆಯಿ ಮಾತ್ರ ಗೊಂಬೆಯನ್ನು ಮುಟ್ಟಲಿಲ್ಲ.

"ಕೂಸಿನ ಮೈ ನೆಟ್ಟಗ ಮಾಡೋದು ಕೇಳೀನಿ, ಮಡಚೋದು ಯಾವ ಊರ ಬುದ್ಧಿ? ಅದೇನು ಧೋತರ ಏನು?"

"ಧೋತರ ಅಲ್ಲ ಆಯಿ, ಕಡಬು ಅಂತ ತಿಳಿ. ಈ ಅಂಚು ಆ ಅಂಚಿಗಿ ತರೋದು. ನಿನಗಿಂತ ಛಲೋ ಮಡಚವರು ಯಾರದಾರ?"

ಆಯಿ ನಗದೆ ನಕ್ಕಳು. ಒಂದು ಸಲ ಮಡಚಿದಳು. "ಮತ್ತೇನು ಹೇಳ್ಯಾಳ?"

"ಎರೆಯೋವಾಗ ಮೂಗಿಗಿ ಕೈ ಹಚ್ಚಬಾರದಂತ."

"ಯಾಕ?"

ಸೌಭಾಗ್ಯಳ ಕೈಯ ಸೂಜಿ ನಿಂತಿತು. "ಹೇಳ್ಯಾರ, ಅಷ್ಟ."

"ಮೂಗು ಮುಟ್ಟಿದ್ರ ಏನಾಗ್ತದ?"

ಸೌಭಾಗ್ಯ ದಾರ ನೋಡುತ್ತ ಕೂತಳು. ಹೊರಗೆ ಯಾರದೋ ಮಗ್ಗ ಟಕಟಕ ಎನ್ನುತ್ತಿತ್ತು. ಆಯಿ ಗೊಂಬೆಯನ್ನು ಕೆಳಗಿಟ್ಟಳು. ತನ್ನ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ಎರೆಯುವ ಕಲ್ಲಿನ ಮೇಲೆ ಕೂತಳು. ಸೌಭಾಗ್ಯ ಹಿಂದೆ ಹೋಗಲಿಲ್ಲ. ಸಂಜೆ ದೀಪ ಹಚ್ಚುವಾಗ ಆಯಿ ಹೊರಬಂದು ಗೋಡೆಯ ಕಡೆ ಮುಖ ಮಾಡಿ ಅಂದಳು: "ಇನ್ನ ಮ್ಯಾಲ ಯಾರ ಕೂಸಿಗೂ ನಾ ಎರೆಯಂಗಿಲ್ಲ."

ಅಂದಿನಿಂದ ಕತ್ತರಿಯ ಮಾತು ಆ ಮನೆಯಲ್ಲಿ ಬರಲಿಲ್ಲ. ಆಯಿಯ ಮಾತೇ ಕಡಿಮೆಯಾಯಿತು. ಓಣಿಯವರು ಬಾಣಂತಿಗೆ, ಕೂಸಿಗೆ ಎರೆಯಲೆಂದು ಕರೆಯಲು ಬಂದರೆ ಮೊಣಕಾಲು ನೋವೆನ್ನುತ್ತಿದ್ದಳು. ಒಂದೆರಡು ಸಲ ಮಾತ್ರ, ಯಾರೂ ಇಲ್ಲವೆಂದುಕೊಂಡಾಗ, ಅವಳು ಗೊಂಬೆ ಮಡಚುತ್ತಿದ್ದುದನ್ನು ಶಾಂಭವಿ ನೋಡಿದ್ದಳು.

ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಸುರಪುರದ ದವಾಖಾನೆಯಲ್ಲಿ ಸೌಭಾಗ್ಯಳಿಗೆ ಹೆಣ್ಣು ಹುಟ್ಟಿತು. ಡಾಕ್ಟರ್ ಪಂಚಶೀಲಾ ಅದೇ ದಿನ ಬಂದರು. ಬೆರಳ ತುದಿಯನ್ನು ಮೂಗಿಗೆ ಮುಟ್ಟಿಸಿದ್ದೇ ತಡ, ಆ ಪುಟ್ಟ ತಲೆ ಹಿಂದಕ್ಕೆ ಎಗರಿತು. ಕೇಳುವುದೇನೂ ಉಳಿಯಲಿಲ್ಲ. ಸೌಭಾಗ್ಯ ಅಳುತ್ತಾಳೆಂದು ಎಲ್ಲರೂ ಕಾದರು. ಅವಳಿಗೆ ಆ ಕಪ್ಪು ಇಲಿ ಎದ್ದು ಮುಖ ತೊಳೆದುಕೊಂಡದ್ದು ನೆನಪಾಗುತ್ತಿತ್ತು. "ಗುಳಿಗಿ ಯಾವಾಗಿಂದ ಕೊಡಬೇಕ್ರಿ?" ಎಂದು ಕೇಳಿದಳು.

ಹೊಕ್ಕುಳು ಬಿದ್ದು ಮನೆಗೆ ಬಂದ ಮೇಲೆ ನೀರು ಹಾಕುವ ದಿನ ಬಂತು. ಒಲೆಯ ಮೇಲೆ ನೀರು ಕಾದಿತ್ತು. ಆಯಿ ಪಡಸಾಲೆಯ ಕಂಬಕ್ಕೊರಗಿ ಕೂತವಳು ಏಳಲಿಲ್ಲ. ಸೌಭಾಗ್ಯ ಕೂಸನ್ನು ತಂದು ಅವಳ ಮಡಿಲಲ್ಲಿಟ್ಟಳು.

"ಬ್ಯಾಡ ಸೌಭಾಗಿ. ಈ ಕೈ ಛಲೋ ಇಲ್ಲ."

"ನನಗೂ ಇದೇ ಕೈ ಎರೆದದ್ದು. ನನ್ನ ಮೂಗೂ ನೀನ ಎಳದಿದ್ದಿ."

"ಅದಕ್ಕ ಇಂಥಾ ಮೂಗು ಬಂದದ," ಎಂದಳು ಆಯಿ, ಕಣ್ಣು ತುಂಬಿಕೊಂಡು.

"ನನಗ ಬಗ್ಗಾಕ ಬರಂಗಿಲ್ಲ. ಮಾವನ ಕೈ ನಡಗತಾವ. ನೀ ಇದ್ದಾಗ ನಾ ಮತ್ಯಾರಿಗಿ ಕೊಡ್ಲಿ? ಬರೇ ಮೂಗು ಬಿಡು. ಉಳಿದದ್ದೆಲ್ಲ ನಿನಗ ಬರ್ತದ."

ಆಯಿ ಕೂಸಿನ ಮುಖ ನೋಡಿದಳು. ಆಮೇಲೆ ಸೀರೆ ಮೇಲಕ್ಕೆ ಸಿಕ್ಕಿಸಿ, ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ನಡೆದಳು. ಹಿಂದಿನ ಹಾಗೆ ತಂಬಿಗೆಯಿಂದ ಎತ್ತಿ ಹೊಯ್ಯಲಿಲ್ಲ. ತನ್ನ ಮುಂಗೈ ಮೇಲೆ ನೀರು ಬಿಟ್ಟುಕೊಂಡು, ಅದು ಅಲ್ಲಿಂದ ಇಳಿದು ಕೂಸಿನ ಮೈಮೇಲೆ ಹರಿಯುವಂತೆ ಮಾಡಿದಳು. ಕೂಸು ಕಣ್ಣು ಪಿಳಿಪಿಳಿ ಬಿಡುತ್ತ ಬಿಸಿನೀರಿನ ಸುಖದಲ್ಲಿ ಬೆರಳು ಬಿಚ್ಚಿತು. ಸೌಭಾಗ್ಯ ಬಾಗಿಲಿಗೊರಗಿ ನಿಂತಿದ್ದಳು.

ಹಿತ್ತಲಲ್ಲಿ ಬೆಕ್ಕು ಹಾರಿ ಕೊಡದ ಮೇಲಿನ ಮುಚ್ಚಳ ಕಲ್ಲಿಗೆ ಬಿತ್ತು. ಠಣ್.

ಕೂಸಿನ ಮೈ ಒಂದೇ ಏಟಿಗೆ ಹಲಗೆಯಾಯಿತು. ಮುಷ್ಟಿ ಕಟ್ಟಿತು, ಕಾಲು ಚಾಚಿತು, ಬಾಯಿ ತೆರೆದೇ ಉಳಿಯಿತು, ಅದರಿಂದ ದನಿ ಬರಲಿಲ್ಲ. ತುಟಿಯ ಸುತ್ತ ಬಣ್ಣ ಕಂದತೊಡಗಿತು. ಸೌಭಾಗ್ಯ ಮುಂದೆ ಹೆಜ್ಜೆ ಇಟ್ಟಳು; ಒದ್ದೆ ನೆಲದಲ್ಲಿ ಕಾಲು ಜಾರಿ ಗೋಡೆ ಹಿಡಿದಳು. ಆಯಿಯ ಎರಡೂ ಕೈಗಳು ಹಳೆಯ ರೂಢಿಯಂತೆ ಕೂಸಿನ ಕಾಲುಗಳ ಕಡೆ ಹೋದವು, ಜಗ್ಗಿ ನೇರ ಮಾಡಲು. ಅರ್ಧದಲ್ಲಿ ನಿಂತವು. ಒಂದು ಕೈ ತಲೆಯ ಹಿಂದೆ ಹೋಯಿತು, ಇನ್ನೊಂದು ಮೊಣಕಾಲ ಕೆಳಗೆ. ಈ ಅಂಚನ್ನು ಆ ಅಂಚಿಗೆ ತಂದಳು. ಮೆಲ್ಲಗೆ, ಆದರೆ ಬಿಡದೆ, ಹೂರಣ ಹೊರಬೀಳದ ಹಾಗೆ ಕಡಬು ಮುಚ್ಚುವ ಕೈಗಳು ಆ ಹಲಗೆಯಂಥ ಮೈಯನ್ನು ಮಡಚಿದವು. ಗದ್ದ ಎದೆಗೆ, ಮೊಣಕಾಲು ಹೊಟ್ಟೆಗೆ. ಆಯಿಯ ಕಣ್ಣು ಮುಚ್ಚಿತ್ತು, ತುಟಿ ಅಲುಗುತ್ತಿತ್ತು.

ಮಡಿಕೆಯೊಳಗಿನಿಂದ ಮೊದಲು ಒಂದು ಬಿಕ್ಕು ಬಂತು. ಆಮೇಲೆ ಉಸಿರು. ಆಮೇಲೆ ಓಣಿಯ ಕೊನೆಯ ಮನೆಗೂ ಕೇಳುವಂಥ ಅಳು.

ಆಯಿ ಕಣ್ಣು ತೆರೆದಳು, ಕೈ ಸಡಿಲಿಸಲಿಲ್ಲ. ಕೂಸಿನ ಮುಖ ಕೆಂಪಾಗುತ್ತ ಬರುವುದನ್ನು ಅವಳು ನೋಡುತ್ತಿದ್ದಳು. ಇಲಿಮನೆಯ ಗಾಜಿಗೆ ಹಣೆ ಹಚ್ಚಿ ಶಾಂಭವಿ ನೋಡಿದ್ದೂ ಹೀಗೆಯೇ.

"ಮೊದಲಿನಂವಗೂ ಹಿಂಗ ಮಾಡಿದ್ರ…" ಎಂದಳು ಆಯಿ.

"ಗೊತ್ತಿರಲಿಲ್ಲ ಆಯಿ. ಈ ಊರಾಗ ಯಾರಿಗೂ ಗೊತ್ತಿರಲಿಲ್ಲ."

ಸೌಭಾಗ್ಯ ಅವಳ ಪಕ್ಕ ಒದ್ದೆ ಕಲ್ಲಿನ ಮೇಲೆಯೇ ಕೂತಳು. ಇಬ್ಬರೂ ಕೂಸಿನ ಅಳುವನ್ನು ಕೇಳಿದರು. ಇಷ್ಟು ಚೆಂದದ ಸಪ್ಪಳ ಆ ಬಚ್ಚಲಲ್ಲಿ ಹಿಂದೆಂದೂ ಆಗಿರಲಿಲ್ಲ. ಬಾಗಿಲಲ್ಲಿ ಶಾಂಭವಿ ಕಿವಿಯ ಹತ್ತಿ ಒತ್ತಿಕೊಂಡು ನಿಂತಿದ್ದಳು, ಬಗಲಲ್ಲಿ ಗೊಂಬೆ. ಬಂದು ಕುಕ್ಕರುಗಾಲಲ್ಲಿ ಕೂತು ತಂಗಿಯ ಮುಷ್ಟಿಗೆ ತನ್ನ ಬೆರಳು ಕೊಟ್ಟಳು.

"ಆ ಇಲಿ," ಆಯಿ ಕೇಳಿದಳು, ಟವೆಲ್ಲಿನಲ್ಲಿ ಕೂಸನ್ನು ಸುತ್ತುತ್ತ, "ತನ್ನ ಮರಿಗಿ ಹ್ಯಾಂಗ ಎರೀತದ?"

"ಎರೆಯಂಗಿಲ್ಲ ಆಯಿ. ನೆಕ್ಕತದ."

"ಹೌದೇನು." ಆಯಿ ಕೂಸನ್ನು ಮಡಿಲಿಗೆ ಸರಿಸಿಕೊಂಡಳು. ಟವೆಲ್ಲಿನ ಅಂಚಿನಿಂದ ಕೂಸಿನ ಹಣೆ ಒರೆಸಿದಳು, ಕೆನ್ನೆ ಒರೆಸಿದಳು, ಗದ್ದ ಒರೆಸಿದಳು. ಮೂಗಿನ ತುದಿಯಲ್ಲಿ ಒಂದು ಹನಿ ನೀರು ನಿಂತಿತ್ತು. ಅದನ್ನು ಮುಟ್ಟಲಿಲ್ಲ. ಅದು ತಾನಾಗಿ ಜಾರಿ ಬೀಳುವ ತನಕ ಮೂವರೂ ಕಾದರು.